ಷೇರು ಕಾಗದದ ಮೇಲೆ, ತೆರಿಗೆ ನಗದಿನಲ್ಲಿ: ಇಸಾಪ್ ಕುರಿತ ಓದುಗರ ಪ್ರಶ್ನೆಗಳು

ಪೌತಿ ಖಾತೆ, ಬಾಡಿಗೆ ಕರಾರು, ದಾನಪತ್ರಗಳ ಪ್ರಶ್ನೆಗಳಿಗೆ ಒಗ್ಗಿಹೋಗಿದ್ದ ಈ ಅಂಕಣಕ್ಕೆ ಇತ್ತೀಚೆಗೆ ನೌಕರರ ಷೇರು ಆಯ್ಕೆ ಯೋಜನೆಗೆ, ಅಂದರೆ ಎಲ್ಲರೂ ಇಸಾಪ್ ಎಂದು ಕರೆಯುವ ವ್ಯವಸ್ಥೆಗೆ ಸಂಬಂಧಿಸಿದ ಪತ್ರಗಳು ಹೆಚ್ಚಾಗಿ ಬರುತ್ತಿವೆ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಇಲ್ಲಿ ಹೇಳಿರುವ ಕಲಂಗಳ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಆ ದಿನದ ನಂತರದ ವ್ಯವಹಾರಗಳಿಗೆ ಕಲಂಗಳ ಸಂಖ್ಯೆ ಬೇರೆಯಾಗುತ್ತದೆ. ಪತ್ರ ಬರೆದವರೆಲ್ಲರ ವ್ಯವಹಾರಗಳೂ ಹಳೆಯ ಕಾಯ್ದೆಯ ಅವಧಿಗೆ ಸೇರಿದವು.

ಪ್ರಶ್ನೆ: ನಾನು ಬೆಂಗಳೂರಿನ ಒಂದು ನವೋದ್ಯಮದಲ್ಲಿ ಐದು ವರ್ಷ ಕೆಲಸ ಮಾಡಿ ಈಗ ರಾಜೀನಾಮೆ ಕೊಟ್ಟಿದ್ದೇನೆ. ನನ್ನ ಹೆಸರಿನಲ್ಲಿ ವೆಸ್ಟ್ ಆಗಿರುವ 3,000 ಆಪ್ಷನ್‌ಗಳಿವೆ. ಒಂದೊಂದಕ್ಕೆ ನಾನು ಕೊಡಬೇಕಾದ ಬೆಲೆ 10 ರೂಪಾಯಿ. ಕೊನೆಯ ದಿನದಿಂದ 90 ದಿನಗಳೊಳಗೆ ಅವುಗಳನ್ನು ಷೇರಾಗಿ ಪಡೆದುಕೊಳ್ಳದಿದ್ದರೆ ರದ್ದಾಗುತ್ತವೆ ಎನ್ನುತ್ತಾರೆ. ಪಡೆದುಕೊಳ್ಳುತ್ತೇನೆಂದರೆ 30,000 ರೂಪಾಯಿಯ ಜೊತೆಗೆ ತೆರಿಗೆಯೆಂದು 7 ಲಕ್ಷಕ್ಕೂ ಹೆಚ್ಚು ಹಣ ಕಟ್ಟಬೇಕಂತೆ. ಒಂದು ಷೇರನ್ನೂ ಮಾರದೆ, ಒಂದು ರೂಪಾಯಿಯೂ ಕೈಗೆ ಬಾರದೆ ಇದೆಂಥ ತೆರಿಗೆ? ನಮ್ಮದು ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್ ಆದ್ದರಿಂದ ತೆರಿಗೆಯನ್ನು ಮುಂದೂಡಬಹುದೆಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ?
– ಓದುಗರು, ಎಚ್‌ಎಸ್‌ಆರ್ ಬಡಾವಣೆ

ಉತ್ತರ: ಆಪ್ಷನ್ ಎಂದರೆ ಷೇರಲ್ಲ, ಮುಂದೊಂದು ದಿನ, ಮೊದಲೇ ಗೊತ್ತುಮಾಡಿದ ಬೆಲೆಗೆ ಷೇರನ್ನು ಕೊಳ್ಳುವ ಹಕ್ಕು. ಹಳೆಯ ದರಕ್ಕೆ ನಿವೇಶನ ಕೊಡುತ್ತೇನೆಂಬ ಕರಾರು ಕೈಯಲ್ಲಿರುವುದಕ್ಕೂ ಕ್ರಯಪತ್ರ ನೋಂದಣಿಯಾಗಿ ನಿವೇಶನ ಹೆಸರಿಗೆ ಬರುವುದಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಇದೆ. ಕಂಪನಿ ಪತ್ರ ಕೊಟ್ಟ ದಿನ ಗ್ರಾಂಟ್, ಹಕ್ಕು ಪಕ್ವವಾಗುವ ದಿನ ವೆಸ್ಟಿಂಗ್, 'ಹಣ ಕಟ್ಟುತ್ತೇನೆ, ಷೇರು ಕೊಡಿ' ಎಂದು ಬರೆದುಕೊಡುವ ದಿನ ಎಕ್ಸರ್‌ಸೈಜ್. ಮೊದಲ ಎರಡು ದಿನಗಳಲ್ಲಿ ತೆರಿಗೆಯಿಲ್ಲ. ಮೂರನೆಯ ಹೆಜ್ಜೆಯಲ್ಲಿ, ಕಲಂ 17(2)(6)ರ ಪ್ರಕಾರ, ಎಕ್ಸರ್‌ಸೈಜ್ ದಿನದ ನ್ಯಾಯಯುತ ಮಾರುಕಟ್ಟೆ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ ನಿಮ್ಮ ಸಂಬಳದ ಭಾಗವಾದ ಸವಲತ್ತು ಎನಿಸಿಕೊಳ್ಳುತ್ತದೆ. ಕೆಲಸ ಬಿಟ್ಟ ಮೇಲೆ ಹಿಂದಿನ ಮಾಲೀಕರಿಂದ ಪಡೆದರೂ ಅದು ಸಂಬಳವೇ. ಸಂಬಳವೆಂದ ಮೇಲೆ ಟಿಡಿಎಸ್ ಮುರಿದುಕೊಳ್ಳುವುದು ಕಂಪನಿಯ ಹೊಣೆ. ಮುರಿದುಕೊಳ್ಳಲು ನಿಮ್ಮ ತಿಂಗಳ ಸಂಬಳವೇ ಇಲ್ಲದ್ದರಿಂದ ಅವರು ಹಣವನ್ನು ನಿಮ್ಮಿಂದಲೇ ಕೇಳುತ್ತಿದ್ದಾರೆ.

ನೀವು ಕಳುಹಿಸಿದ ಕಾಗದಗಳಲ್ಲಿ ಮರ್ಚೆಂಟ್ ಬ್ಯಾಂಕರ್ ನಿಗದಿಪಡಿಸಿದ ಮೌಲ್ಯ ಷೇರೊಂದಕ್ಕೆ 760 ರೂಪಾಯಿ ಎಂದಿದೆ. ಹಾಗಾದರೆ ಸವಲತ್ತು 750 ಗುಣಿಸು 3,000, ಅಂದರೆ 22,50,000 ರೂಪಾಯಿ. ಕಡಿತಗಳೆಲ್ಲ ಕಳೆದ ಮೇಲೂ ನಿಮ್ಮ ಸಂಬಳ 26 ಲಕ್ಷ ಇರುವುದರಿಂದ ಈ ಮೊತ್ತವೆಲ್ಲ ಶೇ 30ರ ಹಂತಕ್ಕೇ ಬೀಳುತ್ತದೆ: ತೆರಿಗೆ 6,75,000, ಅದರ ಮೇಲೆ ಶೇ 4ರ ಸೆಸ್ 27,000, ಒಟ್ಟು 7,02,000 ರೂಪಾಯಿ. ಒಟ್ಟು ಆದಾಯ 50 ಲಕ್ಷ ದಾಟದಿರುವುದರಿಂದ ಸರ್ಚಾರ್ಜ್ ಇಲ್ಲ. ಕಂಪನಿಯ ಲೆಕ್ಕದಲ್ಲಿ ತಪ್ಪಿಲ್ಲ.

ಮುಂದೂಡಿಕೆಯ ವಿಷಯದಲ್ಲಿ ನಿಮ್ಮ ಸಹೋದ್ಯೋಗಿಗಳ ಮಾತು ಅರ್ಧ ನಿಜ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಲಂ 192(1ಸಿ) ಇಂಥ ತೆರಿಗೆಯನ್ನು ಮುಂದಕ್ಕೆ ಹಾಕಲು ಅವಕಾಶ ಕೊಡುತ್ತದೆ. ಆದರೆ ಕೈಗಾರಿಕೆ ಇಲಾಖೆಯ ಮಾನ್ಯತೆ ಮಾತ್ರ ಇದ್ದರೆ ಸಾಲದು. ಕಂಪನಿ ಕಲಂ 80-ಐಎಸಿಯ ಅಡಿಯಲ್ಲಿ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರವನ್ನೂ ಪಡೆದಿರಬೇಕು. ಮಾನ್ಯತೆ ಪಡೆದ ನವೋದ್ಯಮಗಳು ಲಕ್ಷಕ್ಕೂ ಮೀರಿದ್ದರೆ, ಈ ಪ್ರಮಾಣಪತ್ರ ಪಡೆದವು ಕೆಲವೇ ಸಾವಿರ. ಪ್ರಮಾಣಪತ್ರ ಇದೆಯೆಂದೇ ಇಟ್ಟುಕೊಂಡರೂ, ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಮುಗಿದು 48 ತಿಂಗಳು ತುಂಬುವುದು, ಷೇರು ಮಾರುವುದು, ನೌಕರಿ ಬಿಡುವುದು ಎಂಬ ಮೂರರಲ್ಲಿ ಯಾವುದು ಮೊದಲೋ ಅಲ್ಲಿಂದ 14 ದಿನಗಳೊಳಗೆ ತೆರಿಗೆ ಕಟ್ಟಬೇಕು. ನೌಕರಿ ಬಿಡುತ್ತಿರುವ ನಿಮಗೆ ಈ ಸೌಲಭ್ಯ ಹದಿನಾಲ್ಕು ದಿನಗಳದ್ದು ಮಾತ್ರ. ಬಿಟ್ಟುಹೋಗುವಾಗಲೇ ಹೆಚ್ಚಿನವರು ಎಕ್ಸರ್‌ಸೈಜ್ ಮಾಡಬೇಕಾಗಿ ಬರುವುದರಿಂದ, ಅತ್ಯಂತ ಅಗತ್ಯವಿರುವ ಹೊತ್ತಿನಲ್ಲಿಯೇ ಒದಗದ ಅನುಕೂಲ ಇದು ಎಂಬುದು ನನ್ನ ಅಭಿಪ್ರಾಯ.

ಇನ್ನು ಅಪಾಯದ ಲೆಕ್ಕ ನೋಡಿ. ನೀವು ಹಣ ಕಟ್ಟಿ ಷೇರು ಪಡೆದು, ಎರಡು ವರ್ಷಗಳ ಬಳಿಕ ಅದನ್ನು 400 ರೂಪಾಯಿಗೆ ಮಾರಬೇಕಾಯಿತು ಎಂದುಕೊಳ್ಳೋಣ. ಕೈಗೆ ಬರುವುದು 12 ಲಕ್ಷ. ಕೊಟ್ಟ ಬೆಲೆ 30,000 ಕಳೆದರೆ ನಿಮ್ಮ ನಿಜವಾದ ಲಾಭ 11,70,000. ಆದರೆ ಈಗಾಗಲೇ ಕಟ್ಟಿದ ತೆರಿಗೆ 7,02,000, ಅಂದರೆ ಲಾಭದ ಶೇ 60. ಕಲಂ 49(2ಎಎ) ಪ್ರಕಾರ ನಿಮ್ಮ ಖರೀದಿ ಬೆಲೆಯನ್ನು 760 ಎಂದೇ ಹಿಡಿಯುವುದರಿಂದ ಲೆಕ್ಕದ ಪುಸ್ತಕದಲ್ಲಿ 10,80,000 ರೂಪಾಯಿ ಬಂಡವಾಳ ನಷ್ಟ ಕಾಣಿಸುತ್ತದೆ. ಆದರೆ ಆ ನಷ್ಟವನ್ನು ಸಂಬಳದ ಎದುರು ವಜಾ ಮಾಡಿಕೊಳ್ಳಲು ಬರುವುದಿಲ್ಲ. ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಎಂಟು ವರ್ಷ ಮುಂದಕ್ಕೊಯ್ದು, ಬೇರೆ ದೀರ್ಘಾವಧಿ ಬಂಡವಾಳ ಲಾಭ ಬಂದರೆ ಅದರ ಎದುರು ಕಳೆದುಕೊಳ್ಳಬಹುದು. ಇಲ್ಲದಿದ್ದರೆ ಅದು ಕಾಗದದ ಮೇಲಿನ ಸಮಾಧಾನವಷ್ಟೇ.

ಹಾಗೆಂದು ಎಲ್ಲವನ್ನೂ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. 3,000ವನ್ನೂ ಒಟ್ಟಿಗೆ ಪಡೆಯಲೇಬೇಕೆಂಬ ಷರತ್ತು ಸಾಮಾನ್ಯವಾಗಿ ಇರುವುದಿಲ್ಲ. ಕಳೆದುಕೊಂಡರೂ ನಿದ್ದೆ ಕೆಡದಷ್ಟು ಹಣಕ್ಕೆ ಎಷ್ಟು ಬರುತ್ತವೋ ಅಷ್ಟನ್ನೇ ಪಡೆಯಬಹುದು. 90 ದಿನಗಳ ಗಡುವಿನ ನಡುವೆ ಮಾರ್ಚ್ 31 ಬೀಳುವುದಾದರೆ ಒಂದು ಭಾಗವನ್ನು ಮಾರ್ಚ್‌ನಲ್ಲಿ, ಇನ್ನೊಂದನ್ನು ಏಪ್ರಿಲ್‌ನಲ್ಲಿ ಪಡೆದು ಆದಾಯವನ್ನು ಎರಡು ವರ್ಷಗಳಿಗೆ ಹಂಚಬಹುದು. ಹೊಸ ಕೆಲಸಕ್ಕೆ ಸೇರದೆ ಕೆಲ ತಿಂಗಳು ಬಿಡುವು ಪಡೆಯುವ ಯೋಚನೆಯಿದ್ದರೆ ಇದು ಗಣನೀಯ ಉಳಿತಾಯ. ಮೌಲ್ಯ ನಿರ್ಣಯದ ವರದಿ ಎಕ್ಸರ್‌ಸೈಜ್ ದಿನದ್ದಾಗಿರಬಹುದು, ಇಲ್ಲವೇ ಅದಕ್ಕಿಂತ 180 ದಿನಗಳಷ್ಟು ಹಿಂದಿನದ್ದಾಗಿರಬಹುದು. ಹೊಸ ಹೂಡಿಕೆಯ ಸುತ್ತು ಹತ್ತಿರದಲ್ಲಿದ್ದರೆ ಯಾವ ದಿನಾಂಕದ ವರದಿಯನ್ನು ಬಳಸುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಗಡುವನ್ನು ವಿಸ್ತರಿಸುವಂತೆ ಲಿಖಿತವಾಗಿ ಕೋರುವುದೂ ವ್ಯರ್ಥವಲ್ಲ. ನೌಕರರಿಗೆ ಅಹಿತವಾಗದ ಬದಲಾವಣೆಯನ್ನು ಷೇರುದಾರರ ನಿರ್ಣಯದ ಮೂಲಕ ಮಾಡಿಕೊಳ್ಳಲು ಕಂಪನಿ ನಿಯಮಗಳಲ್ಲಿ ಅವಕಾಶವಿದೆ.

ಹಣ ಕಟ್ಟುವ ಮುನ್ನ ಇನ್ನೊಂದು ಕಾಗದ ಓದಿ: ಕಂಪನಿಯ ಆರ್ಟಿಕಲ್ಸ್, ಅಂದರೆ ಅದರ ಒಳನಿಯಮಾವಳಿ. ಖಾಸಗಿ ಕಂಪನಿಯ ಷೇರನ್ನು ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ನಿಮಗಿರುವುದಿಲ್ಲ. ಜೊತೆಗೆ, ಹೂಡಿಕೆದಾರರ ಬಳಿ ಇರುವುದು ಹೆಚ್ಚಾಗಿ ಆದ್ಯತಾ ಷೇರುಗಳು. ಕಂಪನಿ ಅಗ್ಗಕ್ಕೆ ಮಾರಾಟವಾದರೆ ಮೊದಲು ಅವರ ಪಾಲು ತೀರಿ, ಉಳಿದದ್ದರಲ್ಲಿ ನಿಮ್ಮಂಥ ಸಾಮಾನ್ಯ ಷೇರುದಾರರ ಸರದಿ ಬರುತ್ತದೆ. ಪತ್ರಿಕೆಗಳಲ್ಲಿ ಬರುವ ಸಾವಿರಾರು ಕೋಟಿಯ ಮೌಲ್ಯವನ್ನು ಒಟ್ಟು ಷೇರುಗಳಿಂದ ಭಾಗಿಸಿ ನಿಮ್ಮ ಪಾಲನ್ನು ಲೆಕ್ಕ ಹಾಕಬೇಡಿ.

ಪ್ರಶ್ನೆ: ನನ್ನ ಮಗನಿಗೆ ಕಂಪನಿಯವರು 40 ಲಕ್ಷ ರೂಪಾಯಿ ಬೆಲೆಯ ಇಸಾಪ್ ಕೊಟ್ಟಿದ್ದಾರೆ. ಆ ಪತ್ರವನ್ನು ಒತ್ತೆಯಿಟ್ಟು ಮನೆ ಕಟ್ಟಲು ಬ್ಯಾಂಕ್ ಸಾಲ ಪಡೆಯಬಹುದೇ?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಬರುವುದಿಲ್ಲ. ಆಪ್ಷನ್‌ಗಳನ್ನು ಬೇರೆಯವರಿಗೆ ವರ್ಗಾಯಿಸುವುದು, ಒತ್ತೆಯಿಡುವುದು, ಅಡಮಾನ ಮಾಡುವುದು ಎಲ್ಲವನ್ನೂ ಕಂಪನಿಗಳ (ಷೇರು ಬಂಡವಾಳ ಮತ್ತು ಡಿಬೆಂಚರ್) ನಿಯಮಗಳು, 2014ರ 12ನೇ ನಿಯಮ ನಿಷೇಧಿಸುತ್ತದೆ. ಗ್ರಾಂಟ್ ಆಗಿ ಕನಿಷ್ಠ ಒಂದು ವರ್ಷವಾದರೂ ಕಳೆಯದೆ ಯಾವ ಹಕ್ಕೂ ಪಕ್ವವಾಗುವುದಿಲ್ಲ. ಎಕ್ಸರ್‌ಸೈಜ್ ಮಾಡಿ ಷೇರು ಕೈಗೆ ಬರುವವರೆಗೆ ಲಾಭಾಂಶವೂ ಇಲ್ಲ, ಮತದಾನದ ಹಕ್ಕೂ ಇಲ್ಲ. ತಮ್ಮ ಮಗ ನಡುವೆ ಕೆಲಸ ಬಿಟ್ಟರೆ ಪಕ್ವವಾಗದ ಆಪ್ಷನ್‌ಗಳು ತಾವಾಗಿಯೇ ರದ್ದಾಗುತ್ತವೆ. ಮನೆಯ ಸಾಲವನ್ನು ಅವರ ಸಂಬಳದ ಆಧಾರದ ಮೇಲೆಯೇ ಲೆಕ್ಕ ಹಾಕಿ.

ಪ್ರಶ್ನೆ: ನನ್ನ ಪತಿ ಕಳೆದ ವರ್ಷ ಸೇವೆಯಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಕಂಪನಿಯಲ್ಲಿ ಅವರಿಗೆ ಕೊಟ್ಟಿದ್ದ ಆಪ್ಷನ್‌ಗಳಲ್ಲಿ ಅರ್ಧದಷ್ಟು ಇನ್ನೂ ವೆಸ್ಟ್ ಆಗಿರಲಿಲ್ಲ. ಅವು ರದ್ದಾದವೆಂದು ಮಾನವ ಸಂಪನ್ಮೂಲ ವಿಭಾಗದವರು ಮೌಖಿಕವಾಗಿ ತಿಳಿಸಿದ್ದಾರೆ. ನಾಮಿನಿಯಾಗಿ ಅವರ ತಮ್ಮನ ಹೆಸರಿದೆ. ನನಗೂ ಮಗಳಿಗೂ ಏನಾದರೂ ಬರುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಅವರು ಹೇಳಿದ್ದು ತಪ್ಪು, ಮತ್ತು ಇಂಥ ವಿಷಯದಲ್ಲಿ ಬಾಯಿಮಾತಿನ ಉತ್ತರವನ್ನು ಒಪ್ಪಿಕೊಳ್ಳಬೇಡಿ. ರಾಜೀನಾಮೆಗೆ ಅನ್ವಯಿಸುವ ನಿಯಮವನ್ನು ಮರಣಕ್ಕೂ ಅನ್ವಯಿಸಿದಂತೆ ಕಾಣುತ್ತದೆ. ನೌಕರನು ಸೇವೆಯಲ್ಲಿರುವಾಗ ಮರಣ ಹೊಂದಿದರೆ ಅಲ್ಲಿಯವರೆಗೆ ಕೊಟ್ಟ ಎಲ್ಲ ಆಪ್ಷನ್‌ಗಳೂ, ಪಕ್ವವಾಗದವೂ ಸೇರಿ, ಅವನ ವಾರಸುದಾರರಲ್ಲಿ ಅಥವಾ ನಾಮಿನಿಯಲ್ಲಿ ವೆಸ್ಟ್ ಆಗುತ್ತವೆ ಎಂದು ಮೇಲೆ ಹೇಳಿದ 12ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವಾಗಿದ್ದರೆ ಸೆಬಿಯ 2021ರ ನಿಯಮಾವಳಿ ಅನ್ವಯಿಸುತ್ತದೆ. ಅಲ್ಲಿಯೂ ಮಾತು ಇದೇ. ಶಾಶ್ವತ ಅಂಗವೈಕಲ್ಯದಿಂದ ಕೆಲಸ ಮಾಡಲಾಗದ ಸ್ಥಿತಿ ಬಂದವರಿಗೂ ಇಂಥದೇ ರಕ್ಷಣೆಯಿದೆ.

ನಾಮಿನಿಯ ವಿಷಯ. ಮೈದುನನ ಹೆಸರು ಇರುವುದರಿಂದ ಷೇರುಗಳು ಅವರವೇ ಆಗಿಬಿಡುವುದಿಲ್ಲ. ಷೇರುಗಳ ನಾಮಿನೇಷನ್ ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಕಂಪನಿ ಯಾರ ಕೈಗೆ ಕೊಟ್ಟರೆ ಅದರ ಹೊಣೆ ಮುಗಿಯುತ್ತದೆ ಎಂಬುದಕ್ಕಷ್ಟೇ ನಾಮಿನಿ. ಉಯಿಲು ಇಲ್ಲದೆ ತೀರಿಕೊಂಡ ಹಿಂದೂ ಪುರುಷನ ಆಸ್ತಿ ಪತ್ನಿ, ಮಕ್ಕಳು ಮತ್ತು ಬದುಕಿದ್ದರೆ ತಾಯಿಗೆ ಸಮಪಾಲಾಗಿ ಹೋಗುತ್ತದೆ. ತಮ್ಮನು ಆ ಸಾಲಿನಲ್ಲಿ ಬರುವುದೇ ಇಲ್ಲ.

ಮೊದಲು ಮಾಡಬೇಕಾದದ್ದು: ಗ್ರಾಂಟ್ ಪತ್ರ ಹಾಗೂ ಯೋಜನೆಯ ಪೂರ್ಣ ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೇಳಿ, ನೋಂದಾಯಿತ ಅಂಚೆಯಲ್ಲಿ ಕಂಪನಿ ಕಾರ್ಯದರ್ಶಿಗೆ ಪತ್ರ ಕಳುಹಿಸಿ. ವಾರಸುದಾರರು ಎಕ್ಸರ್‌ಸೈಜ್ ಮಾಡಲು ಯೋಜನೆಯಲ್ಲಿ ಗಡುವು ಇರುತ್ತದೆ. ಈಗಾಗಲೇ ವರ್ಷ ಕಳೆದಿರುವುದರಿಂದ ತಡಮಾಡಬೇಡಿ. ಆಪ್ಷನ್ ಕೊಟ್ಟದ್ದು ವಿದೇಶದ ಮಾತೃಸಂಸ್ಥೆಯಾಗಿದ್ದರೆ ಮಾತ್ರ ನಮ್ಮ 12ನೇ ನಿಯಮದ ಬಲ ಸಿಗುವುದಿಲ್ಲ, ಯೋಜನೆಯ ಷರತ್ತೇ ಅಂತಿಮವಾಗುತ್ತದೆ.

ಪ್ರಶ್ನೆ: ನಾನು ಅಮೆರಿಕದ ಒಂದು ಕಂಪನಿಯ ಬೆಂಗಳೂರು ಶಾಖೆಯಲ್ಲಿದ್ದೇನೆ. ಪ್ರತಿ ಮೂರು ತಿಂಗಳಿಗೊಮ್ಮೆ ಆರ್‌ಎಸ್‌ಯು, ಅಂದರೆ ಕಂಪನಿ ಹಣ ಪಡೆಯದೆ ನೌಕರರಿಗೆ ಕೊಡುವ ಷೇರುಗಳು ನನ್ನ ಬ್ರೋಕರ್ ಖಾತೆಗೆ ಬರುತ್ತವೆ, ಬರುವಾಗಲೇ ಮೂರನೇ ಒಂದು ಭಾಗವನ್ನು ಮಾರಿ ತೆರಿಗೆ ಮುರಿದುಕೊಳ್ಳುತ್ತಾರೆ. ಅಮೆರಿಕದಲ್ಲಿಯೇ ತೆರಿಗೆ ಆಗಿದೆ ಎಂದುಕೊಂಡು ಇಲ್ಲಿನ ರಿಟರ್ನ್‌ನಲ್ಲಿ ಏನನ್ನೂ ತೋರಿಸಿರಲಿಲ್ಲ. ಈಗ ವಿದೇಶಿ ಆಸ್ತಿಯ ಬಗ್ಗೆ ಇಲಾಖೆಯಿಂದ ಸಂದೇಶ ಬಂದಿದೆ. ಹತ್ತು ಲಕ್ಷ ದಂಡವೆಂದು ಕೇಳಿ ಗಾಬರಿಯಾಗಿದೆ.
– ಓದುಗರು, ವೈಟ್‌ಫೀಲ್ಡ್

ಉತ್ತರ: ಆರ್‌ಎಸ್‌ಯುನಲ್ಲಿ ನೀವು ಬೆಲೆ ಕಟ್ಟಬೇಕಿಲ್ಲ, ಆಯ್ಕೆ ಮಾಡಿಕೊಳ್ಳಬೇಕಾದದ್ದೂ ಇಲ್ಲ, ಆದ್ದರಿಂದ ವೆಸ್ಟ್ ಆಗಿ ಷೇರು ಖಾತೆಗೆ ಬಂದಾಗ ಅದರ ಪೂರ್ಣ ಮೌಲ್ಯವೇ ಸಂಬಳ. ಮಾರಿದ ಮೂರನೇ ಒಂದು ಭಾಗದ ಹಣ ಅಮೆರಿಕ ಸರ್ಕಾರಕ್ಕೆ ಹೋದದ್ದಲ್ಲ, ನಿಮ್ಮ ಬೆಂಗಳೂರು ಶಾಖೆಯ ಮೂಲಕ ಟಿಡಿಎಸ್ ಆಗಿ ನಮ್ಮ ಖಜಾನೆಗೆ ಬಂದದ್ದು. ಫಾರ್ಮ್ 16 ತೆಗೆದು ನೋಡಿ, ಸವಲತ್ತಿನ ಮೊತ್ತದಲ್ಲಿ ಅದು ಸೇರಿರುತ್ತದೆ. ಸಂಬಳದ ಮಟ್ಟಿಗೆ ನೀವು ಬಹುಶಃ ಏನನ್ನೂ ಮರೆಮಾಚಿಲ್ಲ.

ತಪ್ಪಿರುವುದು ಬೇರೆ ಕಡೆ. ಭಾರತದಲ್ಲಿ ಸಾಮಾನ್ಯ ನಿವಾಸಿಯಾದವರು ವಿದೇಶಿ ಆಸ್ತಿಯನ್ನು ರಿಟರ್ನ್‌ನ ಎಫ್‌ಎ ಅನುಸೂಚಿಯಲ್ಲಿ ತೋರಿಸಲೇಬೇಕು. ಆದಾಯ ಬಂದಿರಲಿ, ಬಿಡಲಿ. ಇಲ್ಲಿ ಲೆಕ್ಕ ಹಣಕಾಸು ವರ್ಷದ್ದಲ್ಲ, ಜನವರಿಯಿಂದ ಡಿಸೆಂಬರ್‌ವರೆಗಿನದು. 2025-26ರ ಅಸೆಸ್‌ಮೆಂಟ್ ವರ್ಷದ ರಿಟರ್ನ್‌ನಲ್ಲಿ 2024ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಯಾವುದೇ ಒಂದು ದಿನ ನಿಮ್ಮ ಹೆಸರಿನಲ್ಲಿದ್ದ ಷೇರುಗಳೆಲ್ಲ ಬರಬೇಕು, ನಡುವೆ ಮಾರಿದ್ದರೂ ಕೂಡ. ಇನ್ನೂ ವೆಸ್ಟ್ ಆಗದವುಗಳನ್ನು ತೋರಿಸುವ ಅಗತ್ಯವಿಲ್ಲ. ವಿದೇಶಿ ಷೇರಿದ್ದವರು ಐಟಿಆರ್-1 ಬಳಸುವಂತಿಲ್ಲ. ಹಲವರು ಎಡವುವುದು ಇಲ್ಲಿಯೇ. ಆ ವರ್ಷದ ರಿಟರ್ನನ್ನು ಪರಿಷ್ಕರಿಸಲು 2025ರ ಡಿಸೆಂಬರ್ 31ರವರೆಗೆ ಅವಕಾಶವಿತ್ತು. 2024ರ ನವೆಂಬರ್‌ನಲ್ಲಿಯೂ ನೇರ ತೆರಿಗೆ ಮಂಡಳಿ ಇಂಥದೇ ಸಂದೇಶಗಳನ್ನು ಕಳುಹಿಸಿ ಜನರಿಗೆ ತಿದ್ದಿಕೊಳ್ಳಲು ಸಮಯ ಕೊಟ್ಟಿತ್ತು. ಸಂದೇಶ ಬಂದಿತೆಂದರೆ ವಿದೇಶದಿಂದ ನಿಮ್ಮ ಖಾತೆಯ ಮಾಹಿತಿ ಈಗಾಗಲೇ ಇಲಾಖೆಯ ಕೈಸೇರಿದೆ ಎಂದೇ ತಿಳಿಯಿರಿ.

ಹತ್ತು ಲಕ್ಷದ ದಂಡ 2015ರ ಕಪ್ಪುಹಣ ಕಾಯ್ದೆಯ 43ನೇ ಕಲಂನದು. ಸ್ಥಿರಾಸ್ತಿಯನ್ನು ಬಿಟ್ಟು ಉಳಿದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ರೂಪಾಯಿ ಮೀರದಿದ್ದರೆ 2024ರ ಅಕ್ಟೋಬರ್ 1ರಿಂದ ಆ ದಂಡ ಅನ್ವಯಿಸುವುದಿಲ್ಲ. ಇದು ದಂಡದಿಂದ ವಿನಾಯಿತಿಯೇ ಹೊರತು ತೋರಿಸುವುದರಿಂದ ವಿನಾಯಿತಿಯಲ್ಲ.

ಷೇರು ಮಾರಿದಾಗ ವೆಸ್ಟ್ ದಿನದ ಮೌಲ್ಯವೇ ನಿಮ್ಮ ಖರೀದಿ ಬೆಲೆ. ನ್ಯೂಯಾರ್ಕಿನಲ್ಲಿ ದಿನವೂ ವಹಿವಾಟಾಗುವ ಷೇರಾದರೂ ನಮ್ಮ ಷೇರುಪೇಟೆಯಲ್ಲಿ ಇಲ್ಲದಿರುವುದರಿಂದ ದೀರ್ಘಾವಧಿ ಎನಿಸಲು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿರಬೇಕು. ಆಗ ತೆರಿಗೆ ಶೇ 12.5, ಅದಕ್ಕಿಂತ ಮೊದಲು ಮಾರಿದರೆ ನಿಮ್ಮ ಹಂತದ ದರ. ವೆಸ್ಟ್ ದಿನವೇ ಮಾರಿದ ಆ ಮೂರನೇ ಒಂದು ಭಾಗದಲ್ಲಿ ಲಾಭ ಸೊನ್ನೆಯಷ್ಟೇ ಇದ್ದರೂ ಅದನ್ನೂ ಮಾರಾಟವೆಂದು ತೋರಿಸಿ. ಲಾಭಾಂಶದ ಮೇಲೆ ಮಾತ್ರ ಅಮೆರಿಕ ನಿಜವಾಗಿಯೂ ಶೇ 25 ಮುರಿದುಕೊಳ್ಳುತ್ತದೆ. ಫಾರ್ಮ್ 67 ಸಲ್ಲಿಸಿದರೆ ಇಲ್ಲಿನ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು.

ನೀವು ಕೇಳದಿದ್ದರೂ ಒಂದು ಮಾತು. ಅಮೆರಿಕದ ನಿವಾಸಿಯಲ್ಲದವರು ಅಲ್ಲಿನ ಕಂಪನಿಯ ಷೇರುಗಳನ್ನು 60,000 ಡಾಲರ್‌ಗಿಂತ ಹೆಚ್ಚು ಬಿಟ್ಟು ತೀರಿಕೊಂಡರೆ ವಾರಸುದಾರರಿಗೆ ತಲುಪುವ ಮೊದಲೇ ಅಲ್ಲಿನ ಎಸ್ಟೇಟ್ ತೆರಿಗೆ ಬೀಳುತ್ತದೆ, ಅದರ ದರ ಶೇ 40ರವರೆಗೂ ಏರುತ್ತದೆ. ನಮ್ಮಲ್ಲಿ ಎಸ್ಟೇಟ್ ತೆರಿಗೆ 1985ರಲ್ಲಿಯೇ ರದ್ದಾದ್ದರಿಂದ ಯಾರಿಗೂ ಇದು ಹೊಳೆಯುವುದಿಲ್ಲ. ವರ್ಷಗಟ್ಟಲೆ ಮಾರದೆ ಕೂಡಿಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಪ್ರಶ್ನೆ: 1990ರ ದಶಕದಲ್ಲಿ ಇನ್ಫೊಸಿಸ್ ಸೇರಿದ ನನ್ನ ಬಂಧುವೊಬ್ಬರು ಕಂಪನಿಯಿಂದ ಪಡೆದ ಷೇರಿಗೆ ಪಡೆಯುವಾಗ ಒಂದು ಪೈಸೆ ತೆರಿಗೆಯನ್ನೂ ಕಟ್ಟಲಿಲ್ಲವಂತೆ. ಆಗಿಲ್ಲದ ತೆರಿಗೆ ಈಗೇಕೆ?
– ಓದುಗರು, ಮೈಸೂರು

ಉತ್ತರ: ಆಗ ಇಲ್ಲದಿದ್ದುದು ತೆರಿಗೆ ವಿಧಿಸುವ ಕಾನೂನು. ಇನ್ಫೊಸಿಸ್ 1994ರಲ್ಲಿ ಒಂದು ಟ್ರಸ್ಟ್ ರಚಿಸಿ, ತಲಾ 1 ರೂಪಾಯಿಯಂತೆ 7,50,000 ವಾರಂಟ್‌ಗಳನ್ನು (ಷೇರು ಕೊಳ್ಳುವ ಹಕ್ಕುಪತ್ರಗಳನ್ನು) ಅದಕ್ಕೆ ಕೊಟ್ಟಿತು. ಟ್ರಸ್ಟಿನಿಂದ ವಾರಂಟ್ ಪಡೆದ ನೌಕರರು ಒಟ್ಟು 100 ರೂಪಾಯಿಗೆ ಒಂದು ಷೇರು ಪಡೆಯಬಹುದಿತ್ತು. ಐದು ವರ್ಷ ಅದನ್ನು ಮಾರುವಂತಿರಲಿಲ್ಲ, ನಡುವೆ ಕೆಲಸ ಬಿಟ್ಟರೆ ಟ್ರಸ್ಟಿಗೆ ಹಿಂದಿರುಗಿಸಬೇಕಿತ್ತು. ಮಾರುಕಟ್ಟೆ ಬೆಲೆಗೂ 100 ರೂಪಾಯಿಗೂ ಇರುವ ಅಂತರ ಸವಲತ್ತು, ಅದರ ಮೇಲೆ ಟಿಡಿಎಸ್ ಮುರಿದಿಲ್ಲ ಎಂದು ಇಲಾಖೆ ಕಂಪನಿಯ ಬೆನ್ನು ಹತ್ತಿತು. ಆ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ 2008ರ ಜನವರಿ 4ರಂದು ಇತ್ಯರ್ಥವಾಯಿತು. ಮಾರಲಾಗದ ಷೇರಿನ ಲಾಭ ಕಲ್ಪಿತವಾದದ್ದು, ಮುಂದೆ ಅದರ ಬೆಲೆ ಏನಾಗುವುದೋ ಗೊತ್ತಿಲ್ಲ, ಮೇಲಾಗಿ ಆ ವರ್ಷಗಳಲ್ಲಿ ಇದಕ್ಕೆ ತೆರಿಗೆ ಹಾಕುವ ಕಲಮೇ ಇರಲಿಲ್ಲ ಎಂದು ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು.

ಅಷ್ಟರಲ್ಲಿ ಕಾನೂನು ಬದಲಾಗಿತ್ತು. 2000ದ ಏಪ್ರಿಲ್ 1ರಿಂದ ಮೊದಲ ಬಾರಿಗೆ ಇದು ಸವಲತ್ತಿನ ಪಟ್ಟಿಗೆ ಸೇರಿತು. ಮರುವರ್ಷವೇ ಸರ್ಕಾರದ ಮಾರ್ಗಸೂಚಿಗೆ ಒಪ್ಪುವ ಯೋಜನೆಗಳಿಗೆ ವಿನಾಯಿತಿ ಬಂತು. 2007ರಲ್ಲಿ ಫ್ರಿಂಜ್ ಬೆನಿಫಿಟ್ ತೆರಿಗೆಯೆಂದು ಭಾರ ಕಂಪನಿಯ ಮೇಲೆ ಹೋಯಿತು. 2009ರಲ್ಲಿ ಆ ತೆರಿಗೆ ರದ್ದಾಗಿ ಹೊರೆ ಮತ್ತೆ ನೌಕರನ ಹೆಗಲಿಗೆ ಬಂದು ಇಂದಿನವರೆಗೂ ಅಲ್ಲಿಯೇ ಇದೆ. ಕಂಪನಿಗಳಿಗೆ ಮಾತ್ರ ಇನ್ನೊಂದು ಬಗೆಯ ಸಮಾಧಾನ ಸಿಕ್ಕಿದೆ. ಅಗ್ಗಕ್ಕೆ ಷೇರು ಕೊಟ್ಟದ್ದರಿಂದ ಆದ ರಿಯಾಯಿತಿಯನ್ನು ವ್ಯವಹಾರದ ಖರ್ಚೆಂದು ಕಳೆಯಬಹುದು ಎಂದು ಬಯೋಕಾನ್ ಪ್ರಕರಣದಲ್ಲಿ ಬೆಂಗಳೂರಿನ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠ 2013ರಲ್ಲಿ ಹೇಳಿತು, ಕರ್ನಾಟಕ ಹೈಕೋರ್ಟ್ 2020ರ ನವೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೊಳ್ಳುವವನಿಗೆ ಕಲ್ಪಿತ ಆದಾಯ, ಕೊಡುವವನಿಗೆ ನಿಜವಾದ ಖರ್ಚು. ತರ್ಕ ಸರಿಯಿರಬಹುದು, ನೌಕರನಿಗೆ ಅದು ಹಿತವೆನಿಸುವುದಿಲ್ಲ.

ಪ್ರಶ್ನೆ: ಫ್ಲಿಪ್‌ಕಾರ್ಟ್‌ನಿಂದ ಫೋನ್‌ಪೇ ಬೇರ್ಪಟ್ಟಾಗ, 2023ರಲ್ಲಿ, ನನ್ನ ಬಳಿಯಿದ್ದ ಆಪ್ಷನ್‌ಗಳಿಗೆ ಪರಿಹಾರ ಬಂದಿತ್ತು. ಆಪ್ಷನ್‌ಗಳು ಹಾಗೆಯೇ ಉಳಿದವು. ಆದರೂ ಸಂಬಳವೆಂದು ಟಿಡಿಎಸ್ ಮುರಿದರು. ಮರುಪಾವತಿ ಕೇಳಬಹುದೇ?
– ಓದುಗರು, ಬೆಳ್ಳಂದೂರು

ಉತ್ತರ: ಈ ಪ್ರಶ್ನೆಯಲ್ಲಿ ನ್ಯಾಯಾಲಯಗಳೇ ಒಮ್ಮತಕ್ಕೆ ಬಂದಿಲ್ಲ. ಆಪ್ಷನ್ ಎಕ್ಸರ್‌ಸೈಜ್ ಆಗದಿದ್ದ ಮೇಲೆ ಸವಲತ್ತು ಹುಟ್ಟುವುದೇ ಇಲ್ಲ, ಬೆಲೆ ಕುಗ್ಗಿದ್ದಕ್ಕೆ ಸ್ವಇಚ್ಛೆಯಿಂದ ಕೊಟ್ಟ ಈ ಮೊತ್ತ ಬಂಡವಾಳ ಸ್ವರೂಪದ್ದು ಎಂದು ದೆಹಲಿ ಹೈಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಇದಕ್ಕೆ ವಿರುದ್ಧವಾಗಿ, ಇದು ಸವಲತ್ತೇ ಎಂದಿತು. ನಮ್ಮ ಕರ್ನಾಟಕ ಹೈಕೋರ್ಟ್ 2025ರಲ್ಲಿ ದೆಹಲಿಯ ನಿಲುವನ್ನು ಅನುಸರಿಸಿತು. ಇಲ್ಲಿನ ತೆರಿಗೆದಾರರಾದ ನಿಮಗೆ ಇದು ಬಲವಾದ ಆಧಾರ. ನನಗೂ ದೆಹಲಿಯ ತರ್ಕವೇ ಕಾಯ್ದೆಯ ಮಾತಿಗೆ ಹತ್ತಿರವೆನಿಸುತ್ತದೆ. ಷೇರನ್ನು ಕೊಟ್ಟಾಗ ಮಾತ್ರ ಅನ್ವಯಿಸುವ ಕಲಂನ್ನು ಷೇರೇ ಕೊಡದ ಸಂದರ್ಭಕ್ಕೆ ಎಳೆಯಲಾಗದು. ಆ ವರ್ಷದ ರಿಟರ್ನ್ ಪರಿಷ್ಕರಿಸುವ ಗಡುವು ಮುಗಿದಿರುವುದರಿಂದ ವಿಳಂಬ ಮನ್ನಾ ಕೋರಿ ಕಲಂ 119(2)(ಬಿ) ಅಡಿ ಅರ್ಜಿ ಸಲ್ಲಿಸುವ ದಾರಿಯನ್ನು ವಕೀಲರೊಡನೆ ಚರ್ಚಿಸಿ. ಹಣ ಬಂದರೆ ಅದನ್ನು ಖರ್ಚು ಮಾಡಲು ಅವಸರಪಡಬೇಡಿ, ಕೊನೆಯ ಮಾತು ಸುಪ್ರೀಂ ಕೋರ್ಟಿನದು.

ಪ್ರಶ್ನೆ: 2021ರಲ್ಲಿ ಬೆಂಗಳೂರಿನಲ್ಲಿದ್ದಾಗ ಕಂಪನಿ ನನಗೆ ಆಪ್ಷನ್ ಕೊಟ್ಟಿತು. ಎರಡೂವರೆ ವರ್ಷದ ಬಳಿಕ ಅದೇ ಕಂಪನಿಯ ದುಬೈ ಕಚೇರಿಗೆ ಬಂದೆ. ನಾಲ್ಕು ವರ್ಷ ತುಂಬಿದಾಗ ಎಲ್ಲವೂ ಒಟ್ಟಿಗೆ ವೆಸ್ಟ್ ಆದವು. ಈಗ ಅನಿವಾಸಿಯಾಗಿರುವ ನಾನು ಎಕ್ಸರ್‌ಸೈಜ್ ಮಾಡಿದರೆ ಭಾರತದಲ್ಲಿ ತೆರಿಗೆ ಇರುವುದಿಲ್ಲ ಅಲ್ಲವೇ?
– ಓದುಗರು, ದುಬೈ

ಉತ್ತರ: ಇರುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಭಾರತದಲ್ಲಿ ಸಲ್ಲಿಸಿದ ಸೇವೆಗೆ ಬಂದ ಸಂಬಳ ಯಾವಾಗ, ಎಲ್ಲಿ ಕೈಸೇರಿದರೂ ಕಲಂ 9ರ ಪ್ರಕಾರ ಭಾರತದ ಆದಾಯವೇ. ಗ್ರಾಂಟ್‌ನಿಂದ ವೆಸ್ಟಿಂಗ್‌ವರೆಗಿನ 48 ತಿಂಗಳಲ್ಲಿ 30 ತಿಂಗಳು ನೀವು ಇಲ್ಲಿದ್ದಿರಿ. ಆದ್ದರಿಂದ ಸವಲತ್ತಿನ ಮೊತ್ತದಲ್ಲಿ 48ಕ್ಕೆ 30ರ ಪಾಲು ಇಲ್ಲಿ ತೆರಿಗೆಗೆ ಒಳಪಡುತ್ತದೆ. ಇಂಥ ಹಂಚಿಕೆಯನ್ನು ನಮ್ಮ ತೆರಿಗೆ ನ್ಯಾಯಮಂಡಳಿಗಳು ಒಪ್ಪಿವೆ. ಯುಎಇಯಲ್ಲಿ ಸಂಬಳಕ್ಕೆ ತೆರಿಗೆಯಿಲ್ಲದಿರುವುದರಿಂದ ಕಳೆದುಕೊಳ್ಳಲು ಅಲ್ಲಿ ಕಟ್ಟಿದ ತೆರಿಗೆಯೂ ಇಲ್ಲ. ಎರಡೂ ಕಚೇರಿಗಳಲ್ಲಿ ಕೆಲಸ ಮಾಡಿದ ದಿನಗಳ ದಾಖಲೆ, ವರ್ಗಾವಣೆ ಪತ್ರ, ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿಗಳನ್ನು ಬೆಂಗಳೂರಿನ ವೇತನ ವಿಭಾಗಕ್ಕೆ ಮುಂಚಿತವಾಗಿ ಕೊಡಿ. ಇಲ್ಲದಿದ್ದರೆ ಅವರು ಪೂರ್ತಿ ಮೊತ್ತದ ಮೇಲೆ ಟಿಡಿಎಸ್ ಮುರಿಯುತ್ತಾರೆ, ಹೆಚ್ಚುವರಿಯನ್ನು ವಾಪಸ್ ಪಡೆಯಲು ನೀವು ರಿಟರ್ನ್ ಸಲ್ಲಿಸಿ ಕಾಯಬೇಕಾಗುತ್ತದೆ.

ಪ್ರಶ್ನೆ: ನಮ್ಮ ಕಂಪನಿ 2024ರ ಡಿಸೆಂಬರ್‌ನಲ್ಲಿ ಮೂರು ವರ್ಷದಿಂದ ನನ್ನಲ್ಲಿದ್ದ ಷೇರುಗಳನ್ನು ಬೈಬ್ಯಾಕ್ ಮಾಡಿತು, ಅಂದರೆ ತಾನೇ ಮರಳಿ ಕೊಂಡಿತು. ಆ ಹಣದಲ್ಲಿ ಮನೆ ಕೊಂಡರೆ ತೆರಿಗೆ ಉಳಿಯುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ನಿಮಗೆ ಬಂದ ಹಣದ ಮಟ್ಟಿಗೆ ಉಳಿಯುವುದಿಲ್ಲ. ಮನೆಗೆ ವಿನಾಯಿತಿ ಕೊಡುವ ಕಲಂ 54ಎಫ್ ದೀರ್ಘಾವಧಿ ಬಂಡವಾಳ ಲಾಭಕ್ಕೆ ಮಾತ್ರ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದು ನಿಮ್ಮ ಬೈಬ್ಯಾಕ್ ನಡೆದಾಗ ಇದ್ದ ನಿಯಮ, ಬೈಬ್ಯಾಕ್‌ನಲ್ಲಿ ಬಂದ ಪೂರ್ತಿ ಹಣವನ್ನು ಲಾಭಾಂಶವೆಂದು ಪರಿಗಣಿಸುತ್ತಿತ್ತು, ಅದಕ್ಕೆ ನಿಮ್ಮ ಹಂತದ ದರವೇ. ನಿಮ್ಮ ಖರೀದಿ ಬೆಲೆ, ಅಂದರೆ ಎಕ್ಸರ್‌ಸೈಜ್ ದಿನ ಸವಲತ್ತಿಗೆ ಹಿಡಿದ ಮೌಲ್ಯ, ಬಂಡವಾಳ ನಷ್ಟವಾಗಿ ಉಳಿಯುತ್ತದೆ. ಆ ನಷ್ಟವನ್ನು ರಿಟರ್ನ್‌ನಲ್ಲಿ ದಾಖಲಿಸಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. ಅದೇ ಷೇರನ್ನು ಕಂಪನಿಯ ಬದಲು ಒಬ್ಬ ಹೂಡಿಕೆದಾರನಿಗೆ ಮಾರಿದ್ದರೆ ಬಂಡವಾಳ ಲಾಭವಾಗಿ ಶೇ 12.5ರ ದರ ಬೀಳುತ್ತಿತ್ತು, 54ಎಫ್ ಕೂಡ ಸಿಗುತ್ತಿತ್ತು. ಉಳಿದ ಷೇರುಗಳಿಗೆ ಮುಂದೆ ಇಂಥ ಅವಕಾಶ ಬಂದಾಗ, ಕೊಳ್ಳುತ್ತಿರುವವರು ಯಾರು, ಆಗಿನ ನಿಯಮವೇನು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ.